ಮಕ್ಕಳ ಸಿನಿಮಾ, ದೊಡ್ಡವರ ಜೋಕು: ನಮ್ಮ ತಾರಸಿಗೆ ಬರುವ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಸಾಲಗಾಮೆ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಬೇಸಿಗೆ ರಜೆ ಬಂತೆಂದರೆ ಶನಿವಾರ ರಾತ್ರಿ ತಾರಸಿ ಮೇಲೆ ಬಿಳಿ ಪಂಚೆ ಕಟ್ಟಿ, ಸಣ್ಣದೊಂದು ಪ್ರೊಜೆಕ್ಟರ್ ಇಟ್ಟು ಮಕ್ಕಳಿಗೆ ಅನಿಮೇಶನ್ ಸಿನಿಮಾ ಹಾಕುತ್ತೇವೆ. ಮೊದಲು ಬರುತ್ತಿದ್ದದ್ದು ನಮ್ಮ ಇಬ್ಬರು ಮಕ್ಕಳು, ಭಾವನವರ ಮಕ್ಕಳು, ಅಷ್ಟೇ. ಈಗ ಅಕ್ಕಪಕ್ಕದವರೂ ಸೇರಿ ಚಾಪೆ ಸಾಲುತ್ತಿಲ್ಲ. ಮಕ್ಕಳು ಮುಂದೆ ಚಾಪೆ ಮೇಲೆ, ದೊಡ್ಡವರು ಹಿಂದೆ ಕುರ್ಚಿ ಮೇಲೆ. ಕೆಲವು ಸಲ ಚಾಪೆ ಸುಮ್ಮನಿರುತ್ತದೆ, ಕುರ್ಚಿಗಳು ಮಾತ್ರ ಗೊಳ್ಳೆಂದು ನಗುತ್ತವೆ. ಆಮೇಲೆ ಮೆಟ್ಟಿಲಿಳಿಯುವಾಗ ನನಗೆ ಪ್ರಶ್ನೆ ಶುರು. ಪ್ರತಿ ಸಲ ವಾಟ್ಸಾಪಿನಲ್ಲಿ ಟೈಪ್ ಮಾಡಿ ಸಾಕಾಯಿತು, ಅದಕ್ಕೇ ಎಲ್ಲಾ ಒಂದು ಕಡೆ ಬರೆದಿದ್ದೇನೆ.

ನಿಮಗೆ ಇದರ ಬಗ್ಗೆ ಏನು ಗೊತ್ತು?

ಸಿನಿಮಾ ಓದಿದವಳಲ್ಲ ನಾನು. ಆದರೆ ಗಾಳಿಗೆ ಪಂಚೆ ಹಾರದ ಹಾಗೆ ಹಿಡಿದುಕೊಳ್ಳಲು ಪರದೆ ಪಕ್ಕದಲ್ಲೇ ಕೂರಬೇಕು. ಅಲ್ಲಿಂದ ಸಿನಿಮಾ ಓರೆಯಾಗಿ ಕಾಣುತ್ತದೆ, ನೋಡುವವರ ಮುಖ ನೇರವಾಗಿ ಕಾಣುತ್ತದೆ. ಯಾರು ಯಾವಾಗ ನಕ್ಕರು, ನಗುವ ಮೊದಲು ಯಾರ ಮುಖ ನೋಡಿದರು, ಇಷ್ಟೇ ನನ್ನ ವಿದ್ಯೆ.

ಸುತ್ತಿ ಬಳಸಿ ಬೇಡ. ಮಕ್ಕಳ ಸಿನಿಮಾದಲ್ಲಿ ದೊಡ್ಡವರ ಜೋಕು ಇರಬೇಕಾ, ಬೇಡ್ವಾ?

ಇರಲಿ. ನನ್ನದು ಒಂದೇ ಷರತ್ತು. ದೊಡ್ಡವರು ನಗುವ ಹೊತ್ತಿಗೆ ಮಗುವಿಗೂ ಅಲ್ಲೇ ನಗಲು ಏನಾದರೂ ಸಿಗಬೇಕು. ಇಬ್ಬರ ಕಾರಣ ಬೇರೆ ಬೇರೆ ಇರಬಹುದು, ಹೊತ್ತು ಮಾತ್ರ ಒಂದೇ ಇರಬೇಕು. ಕುರ್ಚಿಯವರು ನಗುತ್ತಾ, ಚಾಪೆಯವರು ಬಾಯಿ ಬಿಟ್ಟುಕೊಂಡು ಹಿಂತಿರುಗಿ ನೋಡಿದರೆ, ಅಷ್ಟು ಹೊತ್ತು ಆ ಸಿನಿಮಾ ಮಕ್ಕಳನ್ನು ಮರೆತಿದೆ ಎಂದೇ ಲೆಕ್ಕ.

ಉದಾಹರಣೆ ಕೊಟ್ಟು ಹೇಳಿ.

2016ರ 'ಜೂಟೋಪಿಯಾ' ತೆಗೆದುಕೊಳ್ಳಿ. ಪ್ರಾಣಿಗಳೇ ಬಟ್ಟೆ ತೊಟ್ಟು ಮನುಷ್ಯರ ಹಾಗೆ ಬಾಳುವ ಊರಿನ ಕಥೆ. ಮೊಲದ ಪೊಲೀಸಮ್ಮನಿಗೆ ಅರ್ಜೆಂಟಾಗಿ ಒಂದು ಗಾಡಿ ನಂಬರಿನ ಮಾಹಿತಿ ಬೇಕು. ನರಿ ಅವಳನ್ನು ಲೈಸೆನ್ಸ್ ಕೊಡುವ ಕಚೇರಿಗೆ ಕರೆದುಕೊಂಡು ಹೋಗುತ್ತದೆ. ಅಲ್ಲಿ ಕೌಂಟರಿನಲ್ಲಿ ಕೂತಿರುವವರೆಲ್ಲ ತೀರಾ ನಿಧಾನಕ್ಕೆ ಹೆಸರಾದ ಪ್ರಾಣಿಗಳಾದ ಸ್ಲಾತ್‌ಗಳು. ಒಂದು ಮಾತು ಹೇಳಲು ಒಂದು ಯುಗ ಬೇಕು ಅವಕ್ಕೆ. ಗುಮಾಸ್ತನ ಹೆಸರು ಫ್ಲ್ಯಾಶ್, ಅಂದರೆ ಮಿಂಚು ಬೇರೆ!

ನಮ್ಮ ತಾರಸಿಯಲ್ಲಿ ಆ ದೃಶ್ಯಕ್ಕೆ ಬಿದ್ದಷ್ಟು ನಗು ಇನ್ಯಾವುದಕ್ಕೂ ಬಿದ್ದಿಲ್ಲ. ಮಕ್ಕಳು ನಕ್ಕಿದ್ದು ಆ ಮುಖಕ್ಕೆ. ತುಟಿ ಮೆಲ್ಲಗೆ ಅಗಲವಾಗುವುದು, ಕಣ್ಣು ಮೆಲ್ಲಗೆ ಮೇಲೇಳುವುದು, ಕಾದು ಕಾದು ಮೊಲ ಒದ್ದಾಡುವುದು. ನಮ್ಮನೆಯವರು ನಕ್ಕಿದ್ದು ಬೇರೆಯದಕ್ಕೆ. ಆ ವಾರವಷ್ಟೇ ಒಂದು ಸಣ್ಣ ಕಾಗದಕ್ಕಾಗಿ ಒಂದು ಕಚೇರಿಗೆ ಮೂರು ದಿನ ಅಲೆದು, ಸರ್ವರ್ ಡೌನ್ ಎಂದು ಕೇಳಿಸಿಕೊಂಡು ಬಂದಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಗ ಅಪ್ಪನ ತೊಡೆ ಮೇಲೆ ಬಿದ್ದು ಹೊರಳಾಡುತ್ತಿದ್ದ. ಇಬ್ಬರ ಕಾರಣವೂ ಬೇರೆ, ಇಬ್ಬರಿಗೂ ಅದು ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ.

ಅದೇ ಸಿನಿಮಾದಲ್ಲಿ ಮಾಫಿಯಾ ದೊರೆಯ ದೃಶ್ಯ ಇದೆ. ಬಾಗಿಲಿನಿಂದ ಒಂದು ಹಿಮಕರಡಿ ಬರುತ್ತದೆ, ಅದಕ್ಕಿಂತ ದೊಡ್ಡದು ಇನ್ನೊಂದು ಬರುತ್ತದೆ, ಕೊನೆಗೆ ಕುರ್ಚಿ ತಿರುಗಿದಾಗ ಹೆಬ್ಬೆರಳಿನಷ್ಟು ಸಣ್ಣ ಮೂಗಿಲಿ ಕೂತಿರುತ್ತದೆ. ಅದರ ದನಿ, ಗತ್ತು ಎಲ್ಲಾ 'ಗಾಡ್‌ಫಾದರ್' ಸಿನಿಮಾದ ಅಣಕ. ಅದನ್ನು ನೋಡಿದವರಿಗೆ ಒಂದು ನಗು, ನೋಡದವರಿಗೆ ಸುಂಡಿಲಿಯಂಥದ್ದಕ್ಕೆ ಕರಡಿಗಳು ಹೆದರುವುದೇ ನಗು. ಯಾರ ಕೈಯೂ ಖಾಲಿ ಇಲ್ಲ.

ಅದೇ ಸಿನಿಮಾದಲ್ಲಿ ಪ್ರಾಣಿಗಳು ಬಟ್ಟೆ ಇಲ್ಲದೆ ಓಡಾಡುವ ಜಾಗ ಇದೆಯಲ್ಲ? ಅದು ಸರಿನಾ?

ಈ ಪ್ರಶ್ನೆ ಕೇಳಿದವರು ನಮ್ಮ ಪಕ್ಕದ ಮನೆಯ ಟೀಚರ್. ಮೊಲ ನಾಚಿಕೊಂಡು ಕಣ್ಣು ಮುಚ್ಚಿಕೊಳ್ಳುತ್ತದೆ, ಕುರ್ಚಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ಚಾಪೆ ಮೇಲೆ ಆ ದಿನ ಆಗಿದ್ದು ಇಷ್ಟು. ಆರು ವರ್ಷದ ಹುಡುಗಿ ಎದ್ದು ನಿಂತು, "ಆಂಟಿ, ನಾಯಿ ಬೆಕ್ಕು ಯಾವತ್ತೂ ಬಟ್ಟೆ ಹಾಕ್ಕೊಳ್ಳಲ್ಲ ಅಲ್ವಾ? ಮತ್ಯಾಕೆ ನಾಚ್ಕೋತಿದೆ?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ಸಿನಿಮಾದ ಜೋಕಿಗಿಂತ ಅವಳ ಪ್ರಶ್ನೆಯೇ ಚೆನ್ನಾಗಿತ್ತು. ಆ ದೃಶ್ಯದಲ್ಲಿ ಅಶ್ಲೀಲ ಎನ್ನುವಂಥದ್ದು ಏನೂ ಇಲ್ಲ, ಆದರೆ ನಮ್ಮ ಮುಜುಗರವೇ ಅಲ್ಲಿ ಜೋಕು. ಮುಜುಗರ ಗೊತ್ತಿಲ್ಲದವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ನನ್ನ ಷರತ್ತಿನ ಪ್ರಕಾರ ಪಾಸ್ ಆಗದ ಜಾಗ ಅದು.

ಮಕ್ಕಳಿಗೆ ಹೇಗೂ ಅರ್ಥವಾಗಲ್ಲ. ಮತ್ತೆ ತೊಂದರೆ ಏನು?

ಜೋಕು ಅರ್ಥವಾಗುವುದಿಲ್ಲ, ನಿಜ. ನಗು ಅರ್ಥವಾಗುತ್ತದೆ. ನಾಲ್ಕು ವರ್ಷದ ಮಗುವಿಗೂ ಅಪ್ಪ ಹೊಟ್ಟೆ ತುಂಬ ನಗುವುದಕ್ಕೂ, ಬಾಯಿಗೆ ಕೈ ಅಡ್ಡ ಹಿಡಿದು ನಗುವುದಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ. ನಾನು ಪರದೆ ಪಕ್ಕದಿಂದ ನೋಡುತ್ತಿರುತ್ತೇನಲ್ಲ, ಎರಡನೇ ನಗು ಕೇಳಿಸಿದ ಕೂಡಲೇ ಚಾಪೆಯ ತಲೆಗಳು ಹಿಂದಕ್ಕೆ ತಿರುಗುತ್ತವೆ. ಆಮೇಲೆ ಎರಡರಲ್ಲಿ ಒಂದಾಗುತ್ತದೆ. ಕೆಲವು ಮಕ್ಕಳು ಗೊತ್ತಾದವರ ಹಾಗೆ ಸುಮ್ನೆ ನಗುತ್ತವೆ. ಇನ್ನು ಕೆಲವು ಅಪ್ಪನ ಅಂಗಿ ಎಳೆದು "ಯಾಕೆ ನಕ್ಕಿದ್ದು?" ಎನ್ನುತ್ತವೆ. ನನಗೆ ಎರಡನೆಯವರ ಬಗ್ಗೆ ಚಿಂತೆ ಇಲ್ಲ. ಮೊದಲನೆಯವರನ್ನು ನೋಡಿದರೆ ಪಾಪ ಅನ್ನಿಸುತ್ತದೆ.

"ಯಾಕೆ ನಕ್ಕಿದ್ದು?" ಅಂತ ಕೇಳಿದರೆ ಏನು ಹೇಳುವುದು?

ಹೇಳಬಹುದಾದ್ದನ್ನು ಹೇಳಿಬಿಡಿ. ಸ್ಲಾತ್ ದೃಶ್ಯದಲ್ಲೇ ನರಿ ಒಂದು ಒಗಟು ಕೇಳುತ್ತದೆ, ಮೂರು ಡುಬ್ಬದ ಒಂಟೆಗೆ ಏನಂತಾರೆ ಎಂದು. ಉತ್ತರ, ಬಸುರಿ. ಭಾವನ ಮಗ ರಾತ್ರಿಯೆಲ್ಲ ತಲೆ ಕೆಡಿಸಿಕೊಂಡು ಬೆಳಗ್ಗೆ ದೋಸೆ ತಿನ್ನುವಾಗ ಕೇಳಿದ. "ಎರಡು ಡುಬ್ಬ ಬೆನ್ನ ಮೇಲೆ, ಮೂರನೇದು ಹೊಟ್ಟೇಲಿರೋ ಮರೀದು ಕಣೋ" ಎಂದೆ. ಹನ್ನೆರಡು ಗಂಟೆ ತಡವಾಗಿ ನಕ್ಕ. ಅದರಲ್ಲಿ ಮುಚ್ಚಿಡುವಂಥದ್ದು ಏನಿತ್ತು?

ಹೇಳಲು ಆಗದ್ದಾದರೆ "ಅದು ದೊಡ್ಡವರ ಆಫೀಸಿನ ವಿಷಯ, ನಿನಗೆ ಬೋರ್ ಆಗುತ್ತೆ" ಅಂದರೂ ಸಾಕು. "ಬಾಯಿ ಮುಚ್ಕೊಂಡು ನೋಡು" ಎಂದು ಗದರಿಸಬೇಡಿ. ಗದರಿಸಿದ ಕೂಡಲೇ ಆ ಜೋಕಿಗೆ ಇಲ್ಲದ ಬೆಲೆ ಬರುತ್ತದೆ, ಮಾರನೇ ದಿನ ಶಾಲೆ ವ್ಯಾನಿನಲ್ಲಿ ಅದೇ ಮಾತು.

ಕಾರ್ಟೂನ್ ಅಂದ್ರೆ ಮಕ್ಕಳದ್ದೇ ತಾನೆ? ದೊಡ್ಡವರು ಅದರೊಳಗೆ ಯಾಕೆ ಬರಬೇಕು?

ಕಾರ್ಟೂನ್ ಶುರುವಾಗಿದ್ದೇ ದೊಡ್ಡವರು ಕೂತಿದ್ದ ಥಿಯೇಟರಿನಲ್ಲಿ. ಟಾಮ್ ಅಂಡ್ ಜೆರ್ರಿ 1940ರಲ್ಲಿ ಬಂದಾಗ ಅಮೆರಿಕದಲ್ಲಿ ಮನೆಮನೆಗೆ ಟಿವಿ ಎಲ್ಲಿತ್ತು? ದೊಡ್ಡ ಸಿನಿಮಾಕ್ಕೆ ಮುಂಚೆ ಏಳೆಂಟು ನಿಮಿಷ ಹಾಕುತ್ತಿದ್ದರು. ಟಿಕೆಟ್ ಕೊಂಡ ಎಲ್ಲರೂ ನಗಬೇಕಿತ್ತು. ಆಮೇಲೆ ಅವೇ ಚಿತ್ರಗಳು ಟಿವಿಗೆ ಬಂದು, ಮಕ್ಕಳು ಮುಂದೆ ಕೂತು, ಕಾರ್ಟೂನ್ ಮಕ್ಕಳದ್ದಾಯಿತು.

ನಮ್ಮಲ್ಲೂ ಹಾಗೇ ಅಲ್ವಾ? ತೊಗಲುಗೊಂಬೆ ಆಟವನ್ನು ನೆನೆಯಿರಿ. ದೀಪದ ಮುಂದೆ ಬಣ್ಣದ ಗೊಂಬೆ ಕುಣಿಯುವುದು, ಪರದೆ ಮುಂದೆ ಊರೇ ಕೂರುವುದು. ನಮ್ಮ ಕಾಲದ ಅನಿಮೇಶನ್ನಿಗಿಂತ ಎಷ್ಟೋ ಹಳೆಯದು. ರಾಮಾಯಣದ ಕಥೆ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯದ ಗೊಂಬೆಗಳು ಬಂದು ಗಂಡ ಹೆಂಡಿರ ಜಗಳ ಆಡುತ್ತಾರೆ. ಆ ಮಾತುಗಳನ್ನು ಇಲ್ಲಿ ಬರೆಯಲು ಆಗುವುದಿಲ್ಲ ಬಿಡಿ! ನಮ್ಮತ್ತೆ ಚಿಕ್ಕವರಿದ್ದಾಗ ಚನ್ನರಾಯಪಟ್ಟಣದ ಕಡೆ ಹಳ್ಳಿಯಲ್ಲಿ ನೋಡಿದ್ದರಂತೆ. "ಮಕ್ಕಳ ಕಿವಿ ಯಾರಾದ್ರೂ ಮುಚ್ತಿದ್ರಾ ಅತ್ತೆ?" ಎಂದು ಕೇಳಿದೆ. "ಯಾಕೆ ಮುಚ್ಚಬೇಕು? ಬಂಗಾರಕ್ಕ ಹೊಡೆಯೋದು ನೋಡಿ ನಾವೂ ನಗ್ತಿದ್ವಿ. ಮಾತು ಜಾಸ್ತಿ ಆಗೋ ಹೊತ್ತಿಗೆ ಕಂಬಳಿ ಹೊದ್ದು ನಿದ್ದೆ" ಎಂದರು. ರಾತ್ರಿ ಇಡೀ ನಡೆಯುವ ಆಟಕ್ಕೆ ಅದೊಂದು ಅನುಕೂಲ. ಒಂದೂವರೆ ಗಂಟೆ ಸಿನಿಮಾಕ್ಕೆ ಆ ಅನುಕೂಲ ಇಲ್ಲ.

ಇನ್ನೂ ಹತ್ತಿರದ್ದು ಬೇಕೆಂದರೆ ಬೇಲೂರಿಗೆ ಹೋಗಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿ, ನಮ್ಮ ಜಿಲ್ಲೆಯ ಮಕ್ಕಳೆಲ್ಲ ಒಂದಲ್ಲ ಒಂದು ಸಲ ಶಾಲೆ ಪ್ರವಾಸದಲ್ಲಿ ನೋಡಿರುತ್ತವೆ. ಮದನಿಕೆಯ ಸೀರೆಯನ್ನು ಕೋತಿ ಎಳೆಯುತ್ತಿರುವ ಶಿಲ್ಪ ಇದೆ. ಮಕ್ಕಳು ಕೋತಿಯನ್ನು ನೋಡಿ ನಗುತ್ತಾರೆ. ಮೇಷ್ಟರು ಸುಮ್ಮನೆ ಬೇರೆ ಕಡೆ ನೋಡುತ್ತಾರೆ. ಗೈಡ್ ಇಬ್ಬರಿಗೂ ಸೇರಿಸಿ ಒಂದೇ ಮಾತು ಹೇಳಿ ಮುಂದಕ್ಕೆ ಕರೆದುಕೊಂಡು ಹೋಗುತ್ತಾನೆ. ಒಂದೇ ಕಲ್ಲು, ಇಬ್ಬರಿಗೂ ಪಾಲಿದೆ.

ಸಿನಿಮಾ ಮಾಡುವವರು ಬೇಕಂತಲೇ ಸೇರಿಸ್ತಾರಾ?

ಬೇಕಂತಲೇ. ಟಿಕೆಟ್ ಕೊಳ್ಳುವುದು, ಥಿಯೇಟರಿಗೆ ಗಾಡಿ ಓಡಿಸುವುದು, ಮನೆಯಲ್ಲಿ ಅದೇ ಸಿನಿಮಾವನ್ನು ಇಪ್ಪತ್ತನೇ ಸಲ ಸಹಿಸಿಕೊಳ್ಳುವುದು ನಾವೇ ತಾನೆ. ಇನ್ನೊಂದು ಕಾರಣವೂ ಇದೆ. ಒಂದು ದೊಡ್ಡ ಅನಿಮೇಶನ್ ಸಿನಿಮಾಕ್ಕೆ ನೂರಾರು ಜನ ವರ್ಷಗಟ್ಟಲೆ ಕೂತು ಕೆಲಸ ಮಾಡುತ್ತಾರೆ. ಅವರೆಲ್ಲ ದೊಡ್ಡವರು. ಮೊದಲು ಅವರಿಗೇ ನಗು ಬರಬೇಕು.

ಆ ಜೋಕುಗಳು ನನಗೇ ಅರ್ಥವಾಗಲ್ಲ. ನಾನು ದೊಡ್ಡವನಲ್ವಾ?

ಈ ಪ್ರಶ್ನೆ ಕೇಳಿದ ಅಣ್ಣನಿಗೆ ಒಂದು ಲೋಟ ಕಾಫಿ ಜಾಸ್ತಿ ಕೊಟ್ಟೆ.

1992ರ 'ಅಲಾದೀನ್' ನೋಡಿದ್ದೀರಲ್ಲ. ದೀಪದ ಭೂತಕ್ಕೆ ದನಿ ಕೊಟ್ಟವರು ರಾಬಿನ್ ವಿಲಿಯಮ್ಸ್. ಸ್ಟುಡಿಯೋದಲ್ಲಿ ಬರೆದಿದ್ದನ್ನು ಪಕ್ಕಕ್ಕಿಟ್ಟು ಬಾಯಿಗೆ ಬಂದಂತೆ ಎಷ್ಟೋ ಮಾತು ಸೇರಿಸಿದರು. ಅದರಲ್ಲಿ ಅರ್ಧ ಅಮೆರಿಕದ ಹಳೆ ಟಿವಿ ನಿರೂಪಕರ, ನಟರ ಮಿಮಿಕ್ರಿ. ಅವರು ಯಾರೆಂದು ಹಾಸನದಲ್ಲಿ ನನಗೆ ಗೊತ್ತೇ ಇರಲಿಲ್ಲ. ಆದರೂ ನಕ್ಕೆ. ಯಾಕೆಂದರೆ ದನಿ ಬದಲಾದ ಹಾಗೆಲ್ಲ ಭೂತದ ಆಕಾರವೂ ಬದಲಾಗುತ್ತಿತ್ತು. ಗಡ್ಡ ಬರುವುದು, ಮೂಗು ಉದ್ದವಾಗುವುದು, ಕ್ಷಣದಲ್ಲಿ ಕುರಿಯಾಗುವುದು. ಚಿತ್ರ ಬರೆದವರು ನನ್ನಂಥವಳನ್ನು ಬಿಟ್ಟುಕೊಡಲಿಲ್ಲ.

ಆವತ್ತು ನನ್ನ ಸ್ಥಿತಿ ಚಾಪೆ ಮೇಲಿನ ಮಗುವಿನದೇ. ಬೇರೆ ದೇಶದ ಸಿನಿಮಾದ ಎದುರು ನಾವೆಲ್ಲ ಸ್ವಲ್ಪ ಮಕ್ಕಳೇ. ಎಲ್ಲರೂ ನಗುವಾಗ ನಮಗೆ ಮಾತ್ರ ಗೊತ್ತಾಗದೆ ಕೂರುವುದು ಹೇಗಿರುತ್ತದೆ ಎಂದು ಹಾಸನದವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಕನ್ನಡದಲ್ಲಿ ಹಾಕಬಾರದಾ? ಆಗ ಎಲ್ಲಾ ಅರ್ಥವಾಗುತ್ತೆ.

ಸಿಕ್ಕರೆ ಹಾಕುತ್ತೇನೆ. ಸಿಗುವುದೇ ಕಷ್ಟ. ಕನ್ನಡದಲ್ಲಿ ಬಹಳ ವರ್ಷ ಡಬ್ಬಿಂಗಿಗೆ ಅಡ್ಡಿ ಇತ್ತು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ ಆ ಅಡ್ಡಿಯ ವಿರುದ್ಧ ಆದೇಶ ಕೊಟ್ಟಿತು. ಆಮೇಲೆ ಬಾಗಿಲು ತೆರೆಯಿತು, ಆದರೂ ಹೊರದೇಶದ ದೊಡ್ಡ ಅನಿಮೇಶನ್ ಸಿನಿಮಾಗಳು ಹಿಂದಿ, ತಮಿಳು, ತೆಲುಗಿಗೆ ಬಂದಷ್ಟು ಕನ್ನಡಕ್ಕೆ ಬರುವುದಿಲ್ಲ. ಹೀಗಾಗಿ ನಮ್ಮ ಮಕ್ಕಳು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ನೋಡುತ್ತಾರೆ. ದೊಡ್ಡವರ ಜೋಕಿನ ಮಾತು ಹಾಗಿರಲಿ, ಮಕ್ಕಳಿಗೆಂದೇ ಬರೆದ ಜೋಕೂ ಅರ್ಧಕ್ಕರ್ಧ ತಲೆಗೆ ಹತ್ತುವುದಿಲ್ಲ. ನನಗೆ ಕೇಳಿದರೆ, ಡಬಲ್ ಮೀನಿಂಗಿಗಿಂತ ದೊಡ್ಡ ತಕರಾರು ಇದು. ಇದನ್ನು ಯಾರೂ ಮೆಟ್ಟಿಲ ಮೇಲೆ ಕೇಳುವುದಿಲ್ಲ.

ಮನಸ್ಸಿದ್ದರೆ ಎಷ್ಟು ಮಾಡಬಹುದು ನೋಡಿ. 2015ರ 'ಇನ್‌ಸೈಡ್ ಔಟ್' ಸಿನಿಮಾದಲ್ಲಿ ಪುಟ್ಟ ಹುಡುಗಿ ಬ್ರೊಕೊಲಿ ನೋಡಿ ಮುಖ ಸಿಂಡರಿಸುತ್ತಾಳೆ. ಜಪಾನಿನ ಮಕ್ಕಳಿಗೆ ಬ್ರೊಕೊಲಿ ಇಷ್ಟ, ಅಲ್ಲಿ ಆ ನಗು ಹುಟ್ಟುವುದಿಲ್ಲ ಎಂದು ಜಪಾನಿಗೆ ಕಳಿಸಿದ ಪ್ರತಿಯಲ್ಲಿ ಹಸಿರು ದಪ್ಪ ಮೆಣಸಿನಕಾಯಿ ಬರೆದು ಕೊಟ್ಟರು. ನಮಗೂ ಹಾಗೆ ಬದಲಿಸುವುದಾದರೆ ಹಾಗಲಕಾಯಿ ಎಂದು ನಮ್ಮ ಮಗಳ ಸಲಹೆ.

ಸೆನ್ಸಾರ್ ಸರ್ಟಿಫಿಕೇಟ್ ನೋಡಿದರೆ ಸಾಕಲ್ವಾ?

ಸ್ವಲ್ಪ ಮಟ್ಟಿಗೆ. ಯು ಅಂದರೆ ಎಲ್ಲರೂ ನೋಡಬಹುದು. ಎ ಅಂದರೆ 18 ತುಂಬಿದವರಿಗೆ ಮಾತ್ರ. ನಡುವಿನ ಯು/ಎ 1983ರಲ್ಲಿ ಬಂತು. 2023ರ ಕಾನೂನು ತಿದ್ದುಪಡಿಯಲ್ಲಿ ಅದನ್ನು 7+, 13+, 16+ ಎಂದು ಮೂರು ಮಾಡಿದರು. ಆ ನಂಬರು ಅಪ್ಪ ಅಮ್ಮನಿಗೆ ಒಂದು ಸೂಚನೆ ಅಷ್ಟೇ, ಗೇಟಿನಲ್ಲಿ ಮಗುವಿನ ವಯಸ್ಸು ಕೇಳಿ ವಾಪಸ್ ಕಳಿಸುವುದಕ್ಕಲ್ಲ. ಓಟಿಟಿಯಲ್ಲೂ 2021ರಿಂದ ಇಂಥದ್ದೇ ಗುರುತು ಹಾಕುತ್ತಾರೆ. 13+ ಮತ್ತು ಮೇಲಿನದಕ್ಕೆ ಲಾಕ್ ಹಾಕುವ ಸೌಲಭ್ಯ ಕೊಡಲೇಬೇಕು. ಸೆಟ್ಟಿಂಗಿನಲ್ಲಿ ಹುಡುಕಿ.

ಆದರೆ ಹೊಡೆದಾಟ ಎಷ್ಟು, ಭಯ ಎಷ್ಟು ಎಂದು ಅದು ಹೇಳೀತು. ಜೋಕು ಯಾರ ಮೇಲೆ ಎಂದು ಹೇಳುವುದಿಲ್ಲ.

ಜೋಕು ಯಾರ ಮೇಲೆ ಅಂದ್ರೆ?

ನನಗೆ ನಿಜವಾಗಿ ಕಿರಿಕಿರಿ ಆಗುವುದು ಇಲ್ಲಿ. 2001ರ 'ಶ್ರೆಕ್' ಬಹಳ ಹೆಸರು ಮಾಡಿತು. ಅನಿಮೇಶನ್ ಸಿನಿಮಾಕ್ಕೆಂದೇ ಆಸ್ಕರ್ ಕೊಡಲು ಶುರು ಮಾಡಿದಾಗ ಮೊದಲು ಗೆದ್ದಿದ್ದೇ ಅದು. ಹಳೇ ರಾಜಕುಮಾರಿ ಕಥೆಗಳನ್ನೆಲ್ಲ ಗೇಲಿ ಮಾಡುತ್ತದೆ. ರೂಪ ನೋಡಿ ಯಾರನ್ನೂ ಅಳೆಯಬೇಡಿ ಎನ್ನುತ್ತದೆ, ಒಳ್ಳೆಯದು. ಆದರೆ ಅದೇ ಸಿನಿಮಾದ ಖಳನಾಯಕ ಕುಳ್ಳ, ಅವನ ಎತ್ತರದ ಮೇಲೆ ಸಿನಿಮಾ ಉದ್ದಕ್ಕೂ ಜೋಕು. ಅವನ ಕೋಟೆ ಅಷ್ಟೆತ್ತರ ಯಾಕೆ ಎಂಬ ಜೋಕಿಗೆ ಒಳ ಅರ್ಥವೂ ಇದೆ. ಆ ಒಳ ಅರ್ಥ ನಮ್ಮ ತಾರಸಿಯಲ್ಲಿ ಒಂದು ಮಗುವಿಗೂ ಹೊಳೆಯಲಿಲ್ಲ. ಹೊರ ಅರ್ಥ ಎಲ್ಲರಿಗೂ ಹೊಳೆಯಿತು. ಮಾರನೇ ದಿನ ಬೀದಿಯಲ್ಲಿ ಕ್ರಿಕೆಟ್ ಆಡುವಾಗ ಎಲ್ಲರಿಗಿಂತ ಗಿಡ್ಡಗಿದ್ದ ಹುಡುಗನಿಗೆ ಹೊಸ ಹೆಸರು ಬಿದ್ದಿತ್ತು.

ಅವನಮ್ಮ ನನ್ನ ಹತ್ತಿರ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಮುಂದಿನ ಎರಡು ಶನಿವಾರ ಹುಡುಗ ಬರಲಿಲ್ಲ, ಆಮೇಲೆ ನಾನೇ ಹೋಗಿ ಕರೆದುಕೊಂಡು ಬಂದೆ.

ನಾವು ಕಾವಲು ಕಾಯುವುದೆಲ್ಲ ಡಬಲ್ ಮೀನಿಂಗಿಗೆ. ಮಕ್ಕಳು ಹೊತ್ತುಕೊಂಡು ಹೋಗುವುದು ಮಾತ್ರ ಕುಳ್ಳ, ಡುಮ್ಮ, ಕರಿಯ. ಇವು ದೊಡ್ಡವರ ಜೋಕು ಎಂದು ಯಾರ ಪಟ್ಟಿಯಲ್ಲೂ ಇಲ್ಲ. ಹಾಗೇ, ಮಕ್ಕಳ ಸಿನಿಮಾದ ಒಂದು ಜೋಕಿಗೆ ಹುಬ್ಬು ಗಂಟಿಕ್ಕುವವರ ಮನೆಯಲ್ಲೇ ರಾತ್ರಿ ಊಟದ ಹೊತ್ತಿಗೆ ಟಿವಿ ಕಾಮಿಡಿ ಶೋ ಜೋರಾಗಿ ಓಡುತ್ತಿರುತ್ತದೆ. ಯಾರ ಮನೆ ಎಂದು ಹೇಳುವುದಿಲ್ಲ.

ದೊಡ್ಡವರಿಗೆ ಜೋಕೇ ಇಲ್ಲದಿದ್ದರೆ ನಮಗೆ ಬೋರ್ ಆಗಲ್ವಾ?

ಆಗಬೇಕೆಂದೇನಿಲ್ಲ. ಜಪಾನಿನ ಮಿಯಾಜಾಕಿ ಮಾಡಿದ 'ಮೈ ನೇಬರ್ ಟೊಟೊರೊ', 1988ರದ್ದು. ಇಬ್ಬರು ಹೆಣ್ಣುಮಕ್ಕಳು, ಹಳ್ಳಿ ಮನೆ, ಕಾಡಿನಲ್ಲಿ ದೊಡ್ಡ ಹೊಟ್ಟೆಯ ಒಂದು ಪ್ರಾಣಿ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ನಮ್ಮನ್ನು ಗುಟ್ಟಾಗಿ ನಗಿಸುವ ಮಾತು ಒಂದೂ ಇಲ್ಲ. ಮಳೆಯಲ್ಲಿ ಕೊಡೆ ಹಿಡಿದು ಬಸ್‌ಸ್ಟಾಪಿನಲ್ಲಿ ಅಪ್ಪನಿಗೆ ಕಾಯುವ ದೃಶ್ಯ ಬರುತ್ತದೆ. ತಂಗಿ ಅಕ್ಕನ ಬೆನ್ನ ಮೇಲೆ ನಿದ್ದೆ ಹೋಗಿರುತ್ತಾಳೆ. ಪಕ್ಕದಲ್ಲಿ ಆ ಪ್ರಾಣಿ ಬಂದು ನಿಲ್ಲುತ್ತದೆ. ಮರದಿಂದ ಕೊಡೆ ಮೇಲೆ ಹನಿ ಬಿದ್ದ ಸದ್ದಿಗೆ ಅದಕ್ಕೆ ಖುಷಿಯೋ ಖುಷಿ. ಚಾಪೆ ಮೇಲೆ ನಗುವೋ ನಗು. ಸಕಲೇಶಪುರದ ಕಡೆಯಿಂದ ಬಂದ ನಮ್ಮ ಚಿಕ್ಕಮ್ಮ ಮಾತ್ರ ಕಣ್ಣೊರೆಸಿಕೊಂಡರು. ಅವರ ಊರಿನಲ್ಲಿ ಜುಲೈ ತಿಂಗಳ ಸಂಜೆ ಬಸ್ಸಿಗೆ ಕಾಯುವುದೆಂದರೆ ಅದೇ.

ದೊಡ್ಡವರ ಪಾಲು ಜೋಕೇ ಆಗಿರಬೇಕಿಲ್ಲ. 2025ರಲ್ಲಿ 'ಮಹಾವತಾರ ನರಸಿಂಹ' ಎಂಬ ಅನಿಮೇಶನ್ ಸಿನಿಮಾ ಕನ್ನಡದಲ್ಲೂ ಬಂದಾಗ ಅಜ್ಜಿಯರೂ ಥಿಯೇಟರ್ ಹತ್ತಿದರು, ಜೋಕಿಗಾಗಿ ಅಲ್ಲ.

ನೀವು ಮೊದಲೇ ನೋಡಿ ಆಮೇಲೆ ಹಾಕ್ತೀರಾ?

ಹೌದು, ಒಂದು ಸಲ. ಇಸ್ತ್ರಿ ಹಾಕುತ್ತಾ ನೋಡುತ್ತೇನೆ, ಅದಕ್ಕೇ ಒಂದೆರಡು ಸಲ ಏಮಾರಿದ್ದೂ ಇದೆ. ಯಾವ ದೃಶ್ಯವನ್ನೂ ಮುಂದಕ್ಕೆ ಓಡಿಸುವುದಿಲ್ಲ. ಓಡಿಸಿದರೆ ಮಕ್ಕಳು ಮನೆಗೆ ಹೋಗಿ ಫೋನಿನಲ್ಲಿ ಅದನ್ನೇ ಹುಡುಕುತ್ತಾರೆ.

ಅಜ್ಜಿ ತಾತನನ್ನು ಕರೆದುಕೊಂಡು ಬರಬಹುದಾ?

ಖಂಡಿತ. ಮೆಟ್ಟಿಲು ಸ್ವಲ್ಪ ಕಡಿದು, ಕೈ ಹಿಡಿದು ಹತ್ತಿಸಿ.

ದುಡ್ಡು ಎಷ್ಟು?

ಏನೂ ಇಲ್ಲ. ಕಡ್ಲೆಪುರಿ ನೀವು ತನ್ನಿ, ಕಾಫಿ ನಮ್ಮದು.

ಬರುವ ಶನಿವಾರ ಯಾವ ಸಿನಿಮಾ?

ಮಳೆ ಬರದಿದ್ದರೆ ಮತ್ತೆ 'ಜೂಟೋಪಿಯಾ', ಚಾಪೆಯವರ ಹಠ. ನಮ್ಮನೆಯವರ ಕಾಗದ ಇನ್ನೂ ಬಂದಿಲ್ಲ, ಅವರೂ ಅದಕ್ಕೇ ಓಟು ಹಾಕಿದ್ದಾರೆ. ಏಳೂವರೆಗೆ ಶುರು. ಪಂಚೆಯ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು.